ಹಡಗಿನ ಊಟಕ್ಕೆ ಯಾವ ಅಂಗಿ?

ಕ್ರೂಸ್ ಹಡಗಿನ ರಾತ್ರಿಯೂಟಕ್ಕೆ ಕೋಟು, ಟೈ ಇರಲೇಬೇಕೆ? ಧೋತರ ಉಟ್ಟು ಹೋದರೆ ಬಾಗಿಲಲ್ಲೇ ತಡೆಯುತ್ತಾರೆಯೆ? ಕೊಪ್ಪಳದ ಕಡೆಯಿಂದ ಕಡಲಿಗೆ ಹೊರಟ ಗಂಡಸರು ಸೂಟ್‌ಕೇಸ್ ತುಂಬುವ ಮೊದಲೇ ತಿಳಿದಿರಬೇಕಾದ ಸಂಗತಿಗಳಿವು.

ಸಂಜೆ ಏಳೂವರೆ. ಹಡಗಿನ ದೊಡ್ಡ ಊಟದ ಹಾಲಿನ ಜೋಡಿ ಬಾಗಿಲು ತೆರೆಯುತ್ತದೆ. ಹೊರಗೆ ಜಮಖಾನೆಯ ಮೇಲೆ ಗಂಡ ಹೆಂಡಿರ ಸಾಲು. ಕಪ್ಪು ಕೋಟಿಗೆ ಬೋ ಟೈ ಕಟ್ಟಿದವರಿದ್ದಾರೆ, ಕುತ್ತಿಗೆ ಮುಚ್ಚುವ ಬಂದ್‌ಗಲಾ ತೊಟ್ಟವರಿದ್ದಾರೆ, ನೆರಿಗೆಯ ಕಿಲ್ಟ್ ಉಟ್ಟ ಸ್ಕಾಟ್ಲೆಂಡಿನವರಿದ್ದಾರೆ. ಬಾಗಿಲಲ್ಲಿ ನಿಂತ ಮೇಲ್ವಿಚಾರಕ ಎಲ್ಲರಿಗೂ ನಗುತ್ತ ಕೈ ಮುಂದೆ ಮಾಡುತ್ತಾನೆ. ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಬಂದವನಿಗೂ ನಗುತ್ತಾನೆ. ಆದರೆ ಅವನಿಗೆ ತೋರಿಸುವುದು ಮೇಲಿನ ಡೆಕ್ಕಿನ ಬಫೆಯ ದಾರಿಯನ್ನು.

ಇದು ಹಡಗಿನ ಫಾರ್ಮಲ್ ನೈಟ್. ಕ್ರೂಸ್ ಟಿಕೆಟ್ ತೆಗೆಸಿದ ದಿನದಿಂದ ಮನೆಯ ಗಂಡಸರನ್ನು ಕಾಡುವ ರಾತ್ರಿಯೂ ಇದೇ.

ಖಾರೀಫ್ ಭತ್ತ ಕೊಯ್ಲಾಗಿ ಅಕ್ಕಿ ಗಿರಣಿಗಳಿಗೆ ಸೇರಿದ ಮೇಲೆ ಗಂಗಾವತಿ, ಕಾರಟಗಿ ಕಡೆ ಊರಾಡಲು ಸ್ವಲ್ಪ ಬಿಡುವು ಸಿಗುತ್ತದೆ. ಅರಬ್ಬಿ ಸಮುದ್ರ ಶಾಂತವಾಗಿರುವುದೂ ಅದೇ ಚಳಿಗಾಲದಲ್ಲಿ. ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವ ಹಂಗಾಮು ಕೂಡ ಅದು. ಆದರೆ ಆ ಹಡಗುಗಳ ಪ್ರವಾಸಿಗರು ಹಗಲು ಊರು ನೋಡಿ ಮರಳಿ ಹಡಗು ಹತ್ತುವವರು. ಕೊಪ್ಪಳದಿಂದ ಹೊರಟವರಿಗೆ ಹಡಗು ಹತ್ತಲು ಅನುಕೂಲದ ಬಂದರು ಮುಂಬೈ. ಅಲ್ಲಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಯ ಕಡೆ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರಲ್ಲಿ ಓಡಾಟ ಶುರು ಮಾಡಿತು. 1990ರಲ್ಲಿ ಕಟ್ಟಿದ ಈ ಹಡಗು ಮೊದಲು ರಾಯಲ್ ಕೆರಿಬಿಯನ್ ಕಂಪನಿಯದಾಗಿತ್ತು.

ಉಡುಗೆಯ ಪ್ರಶ್ನೆಗೆ ಅರ್ಧ ಉತ್ತರ ಯಾವ ಯಾನ ಎನ್ನುವುದರಲ್ಲೇ ಇದೆ. ಭಾರತದ ತೀರದಲ್ಲಿ ಎರಡು ಮೂರು ರಾತ್ರಿ ಸುತ್ತಿ ಬರುವ ಯಾನಕ್ಕೆ ಇಸ್ತ್ರಿ ಮಾಡಿದ ಪ್ಯಾಂಟು, ಕಾಲರಿನ ಶರ್ಟು, ಬೂಟು ಇದ್ದರೆ ಊಟದ ಹಾಲಿನಲ್ಲಿ ತಲೆ ಎತ್ತಿ ಕೂರಬಹುದು. ಮದುವೆಗೆಂದು ಹೊಲಿಸಿದ ಕೋಟೊಂದು ಜೊತೆಗಿದ್ದರೆ ಮತ್ತೂ ಒಳ್ಳೆಯದು. ಏಳು ರಾತ್ರಿ ಮತ್ತು ಅದಕ್ಕೂ ಉದ್ದದ ವಿದೇಶಿ ಯಾನಗಳದ್ದೇ ಬೇರೆ ಲೆಕ್ಕ.

ಮೂರು ಬಗೆಯ ರಾತ್ರಿ

ಹಡಗಿನವರು ಪ್ರತಿದಿನ ಕೋಣೆಗೆ ಕಳಿಸುವ ಕಾರ್ಯಕ್ರಮದ ಹಾಳೆಯಲ್ಲಿ, ಈಗೀಗ ಮೊಬೈಲ್ ಆ್ಯಪಿನಲ್ಲಿ, ಆ ರಾತ್ರಿಯ ಉಡುಗೆ ಯಾವುದೆಂದು ಬರೆದಿರುತ್ತದೆ. ಹೆಸರುಗಳು ಕಂಪನಿಗೊಂದು. ತಿರುಳು ಮಾತ್ರ ಮೂರೇ.

ಕ್ಯಾಶುವಲ್ ಎಂದರೆ ಪ್ಯಾಂಟು ಮತ್ತು ಕಾಲರಿನ ಅಂಗಿ. ಇಲ್ಲಿ ಅನೇಕರು ಎಡವುತ್ತಾರೆ. ಕ್ಯಾಶುವಲ್ ಎಂದು ಬರೆದಿದ್ದನ್ನು ಓದಿ ಬರ್ಮುಡಾ ಚಡ್ಡಿ, ತೋಳಿಲ್ಲದ ಬನಿಯನ್ನಿನಲ್ಲಿ ಇಳಿದು ಬರುತ್ತಾರೆ. ಈಜುಕೊಳದ ಪಕ್ಕದ ಉಡುಗೆಗೂ ಊಟದ ಉಡುಗೆಗೂ ಬಹುತೇಕ ಎಲ್ಲ ಹಡಗುಗಳು ಗೆರೆ ಎಳೆದಿವೆ.

ಸ್ಮಾರ್ಟ್ ಕ್ಯಾಶುವಲ್ ಎಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ತುಂಬುತೋಳಿನ ಶರ್ಟು, ಗಾಢ ಬಣ್ಣದ ಪ್ಯಾಂಟು, ಬೇಕಿದ್ದರೆ ಟೈ ಇಲ್ಲದ ಕೋಟು. ಕುರ್ತಾ ಮೇಲೊಂದು ನೆಹರು ಜಾಕೆಟ್ ಹಾಕಿದರೂ ಸರಿಯಾಗಿ ಒಪ್ಪುತ್ತದೆ.

ಫಾರ್ಮಲ್ ಎಂದರೆ ಡಿನ್ನರ್ ಕೋಟು ಅಥವಾ ಗಾಢ ಬಣ್ಣದ ಸೂಟು, ಜೊತೆಗೆ ಟೈ. ಅಥವಾ ಅವರವರ ನಾಡಿನ ಸಭ್ಯ ಉಡುಗೆ. ಕ್ಯುನಾರ್ಡ್‌ನಂಥ ಹಳೆಯ ಸಂಪ್ರದಾಯದ ಬ್ರಿಟಿಷ್ ಕಂಪನಿ ತನ್ನ ಗಾಲಾ ರಾತ್ರಿಗಳ ನಿಯಮದಲ್ಲಿ ಇದನ್ನು ಹೆಸರಿಟ್ಟೇ ಸೇರಿಸಿದೆ. ಕೊಪ್ಪಳದ ಯಾತ್ರಿಕನಿಗೆ ಬಾಗಿಲು ತೆರೆಯುವುದು ನಾಡಿನ ಉಡುಗೆಯ ಈ ಸಾಲೇ. ಟೂರ್ ಏಜೆಂಟರ ಬಾಯಿಂದ ಸಾಮಾನ್ಯವಾಗಿ ಹೊರಡದ ಸಾಲೂ ಇದೇ.

ಏಳು ರಾತ್ರಿಯ ಯಾನದಲ್ಲಿ ಇಂಥ ಫಾರ್ಮಲ್ ರಾತ್ರಿ ಸಾಮಾನ್ಯವಾಗಿ ಎರಡು. ಅವು ಬೀಳುವುದು ಹೆಚ್ಚಾಗಿ ಹಡಗು ದಿನವಿಡೀ ಕಡಲಲ್ಲೇ ಇರುವ ದಿನ. ಬಂದರಿನಲ್ಲಿ ಬಿಸಿಲಲ್ಲಿ ಸುತ್ತಿ, ಸಂಜೆ ಓಡೋಡಿ ಹಡಗು ಹತ್ತಿದವರಿಗೆ ಕೋಟು ತೊಡುವ ತ್ರಾಣ ಇರುವುದಿಲ್ಲ ಎಂಬುದು ನಡೆಸುವವರಿಗೆ ಗೊತ್ತು. ಮೊದಲ ರಾತ್ರಿ ಸರಳ ಉಡುಗೆಗೇ ಮೀಸಲು, ಏಕೆಂದರೆ ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಸೂಟ್‌ಕೇಸು ಕೋಣೆಗೆ ಬರುವಾಗ ಕೆಲವೊಮ್ಮೆ ರಾತ್ರಿಯಾಗುತ್ತದೆ. ಆ ಹೊತ್ತಿಗೆ ಬೇಕಾಗುವ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು.

ಎಲ್ಲ ಕಂಪನಿಗಳೂ ಇಷ್ಟು ಬಿಗಿಯಲ್ಲ. ನಾರ್ವೇಜಿಯನ್ ಕಂಪನಿ 2000ರಲ್ಲೇ ಫ್ರೀಸ್ಟೈಲ್ ಎಂಬ ಪದ್ಧತಿ ತಂದು ಕಡ್ಡಾಯದ ಫಾರ್ಮಲ್ ರಾತ್ರಿಯನ್ನು ಕೈಬಿಟ್ಟಿತು. ಉಳಿದವರೂ ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಿದ್ದಾರೆ. ಹಾಗಾಗಿ ಟಿಕೆಟ್ ತೆಗೆದ ಕಂಪನಿಯ ಈಗಿನ ನಿಯಮವನ್ನೇ ಓದಿಕೊಳ್ಳಬೇಕು. ಹಿಂದೊಮ್ಮೆ ಹೋಗಿ ಬಂದವರ ಮಾತು ಹಳೆಯದಾಗಿರಬಹುದು.

> ಕಪ್ಪು ಕೋಟಿನ ಮೂಲ
> ಲಂಡನ್ನಿನ ಹೆನ್ರಿ ಪೂಲ್ ದರ್ಜಿ ಅಂಗಡಿ 1865ರಲ್ಲಿ ಅಂದಿನ ಬ್ರಿಟಿಷ್ ಯುವರಾಜನಿಗೆ, ಅಂದರೆ ಮುಂದೆ ಏಳನೆಯ ಎಡ್ವರ್ಡ್ ಆದವನಿಗೆ, ಮನೆಯೊಳಗಿನ ಊಟಕ್ಕೆಂದು ಗಿಡ್ಡ ಕೋಟೊಂದನ್ನು ಹೊಲಿಯಿತು. ಉದ್ದ ಬಾಲದ ಕೋಟಿನ ಬಿಗುವಿನಿಂದ ತಪ್ಪಿಸಿಕೊಳ್ಳುವುದು ಅದರ ಉದ್ದೇಶ. 1886ರ ಹೊತ್ತಿಗೆ ನ್ಯೂಯಾರ್ಕ್ ಬಳಿಯ ಟಕ್ಸಿಡೊ ಪಾರ್ಕ್ ಕ್ಲಬ್ಬಿಗೆ ಅದು ಬಂತು. ಅಮೆರಿಕದವರು ಅದನ್ನು ಟಕ್ಸಿಡೊ ಎನ್ನುವುದು ಅದರಿಂದ. ಅದರೊಂದಿಗೆ ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ ಮಾತ್ರ ಭಾರತದ್ದು. ಇಲ್ಲಿನ ಸೆಕೆಯಲ್ಲಿ ವೇಸ್ಟ್‌ಕೋಟು ತಾಳದ ಬ್ರಿಟಿಷ್ ಅಧಿಕಾರಿಗಳು 19ನೆಯ ಶತಮಾನದಲ್ಲಿ ಈ ನೆಲದವರ ನಡುಪಟ್ಟಿಯನ್ನು ನೋಡಿ ಕಟ್ಟಿಕೊಂಡರು.

ಕೋಟೋ, ಶೇರವಾನಿಯೋ

ಸೂಟು ಇದ್ದವರಿಗೆ ಸೂಟೇ ಸುಲಭ. ಕಪ್ಪು, ಕಡುನೀಲಿ, ಬೂದು ಯಾವುದಾದರೂ ನಡೆಯುತ್ತದೆ. ಬಿಳಿ ಶರ್ಟು, ಒಂದೇ ಬಣ್ಣದ ಟೈ, ಕಪ್ಪು ಬೂಟು, ಕಪ್ಪು ಕಾಲುಚೀಲ. ಒಂದು ಫಾರ್ಮಲ್ ರಾತ್ರಿಗಾಗಿ ಹೊಸ ಟಕ್ಸಿಡೊ ಕೊಳ್ಳುವುದು ದಂಡ. ಹಿಂದಿರುಗಿದ ಮೇಲೆ ಯಲಬುರ್ಗಾದಲ್ಲಾಗಲಿ ಕುಷ್ಟಗಿಯಲ್ಲಾಗಲಿ ಅದನ್ನು ತೊಡುವ ಇನ್ನೊಂದು ಸಂದರ್ಭ ಬರುವುದಿಲ್ಲ.

ಬಂದ್‌ಗಲಾ ಕೋಟಿಗೆ ಆ ತೊಂದರೆ ಇಲ್ಲ. ಟೈ ಕಟ್ಟುವ ಪಾಡಿಲ್ಲ, ಮಗಳ ಮದುವೆಗೂ ಆದೀತು, ಹಡಗಿಗೂ ಆದೀತು. ಇದೇ ಸಾಲಿಗೆ ಸೇರುವ ಇನ್ನೊಂದು ಉಡುಗೆ ಈ ನೆಲಕ್ಕೆ ಚೆನ್ನಾಗಿ ಪರಿಚಯದ್ದು: ಶೇರವಾನಿ.

1948ರವರೆಗೆ ಈ ಸೀಮೆಯೆಲ್ಲ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಆ ಕಾಲದ ಹೈದರಾಬಾದಿನಲ್ಲಿ ಶೇರವಾನಿ ಒಂದು ಧರ್ಮದವರ ಉಡುಗೆಯಾಗಿರಲಿಲ್ಲ. ಮುಸ್ಲಿಮರ ಹಾಗೆಯೇ ಹಿಂದೂ ಅಧಿಕಾರಿಗಳೂ ವಕೀಲರೂ ತೊಡುತ್ತಿದ್ದರು. ನಿಜಾಮನ ದರ್ಬಾರಿಗೆ ಹೋಗುವವನ ತಲೆಗೆ ದಸ್ತಾರ್, ಸೊಂಟಕ್ಕೆ ಬಗ್ಲೂಸ್ ಎಂಬ ಪಟ್ಟಿ ಇರಲೇಬೇಕಿತ್ತು. ಈಗ ಮದುಮಕ್ಕಳಿಗೆಂದು ಅಂಗಡಿಯವರು ತೂಗುಹಾಕುವ ಕಲ್ಲು, ಕನ್ನಡಿ, ಜರಿ ತುಂಬಿದ ಶೇರವಾನಿ ಬೇರೆ. ಹಡಗಿನ ಊಟಕ್ಕೆ ಒಪ್ಪುವುದು ಹಳೆಯ ಹೈದರಾಬಾದಿನದು: ಕಪ್ಪು ಇಲ್ಲವೆ ಕೆನೆಬಣ್ಣದ ಸಾದಾ ಬಟ್ಟೆ, ಮೊಣಕಾಲಿನವರೆಗಿನ ಉದ್ದ, ಎದೆಯ ಮೇಲೆ ಒಂದು ಸಾಲು ಗುಂಡಿ. ಇನ್ನಾವ ಒಡವೆಯೂ ಬೇಡ.

> ಕುಲ್ಲಾಯಿ, ಕಬಾಯಿ, ಬರಿಗಾಲು
> ಆನೆಗೊಂದಿಯ ಎದುರು, ತುಂಗಭದ್ರೆಯ ಆಚೆ ದಡದಲ್ಲಿ ವಿಜಯನಗರ ಮೆರೆಯುತ್ತಿದ್ದ ಕಾಲದಲ್ಲೂ ಆಸ್ಥಾನಕ್ಕೊಂದು ಉಡುಗೆ ಇತ್ತು. ಗಣ್ಯರು ಉದ್ದನೆಯ ಹೊಲಿದ ನಿಲುವಂಗಿಯಾದ ಕಬಾಯಿ ತೊಟ್ಟು, ತಲೆಗೆ ಎತ್ತರದ ಕುಲ್ಲಾಯಿ ಇಡುತ್ತಿದ್ದರು. ಎರಡೂ ಪಶ್ಚಿಮ ಏಷ್ಯಾದ ಆಸ್ಥಾನಗಳಿಂದ ಬಂದವು. ಲೇಪಾಕ್ಷಿಯ ಚಿತ್ರಗಳಲ್ಲಿ ಈ ಟೊಪ್ಪಿಗೆಗಳನ್ನು ಇಂದಿಗೂ ಕಾಣಬಹುದು. ದೇವರ ಮುಂದೆ ಮಾತ್ರ ಕಬಾಯಿ ಇಲ್ಲ. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ತಾಮ್ರದ ಪ್ರತಿಮೆ ಬರಿಮೈಯಲ್ಲಿ ಕೈಮುಗಿದು ನಿಂತಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡ ರಾಯ, ಚಿನ್ನದ ಗುಲಾಬಿಗಳ ಕಸೂತಿಯ ಬಿಳಿ ಬಟ್ಟೆ ತೊಟ್ಟಿದ್ದ. ಕಾಲಿಗೆ ಏನೂ ಇರಲಿಲ್ಲ. ರಾಯನಿದ್ದಲ್ಲಿಗೆ ಹೋಗುವವರೆಲ್ಲ ಬರಿಗಾಲಲ್ಲೇ ಹೋಗಬೇಕಿತ್ತು ಎಂದು ಪಾಯೆಸ್ ದಾಖಲಿಸಿದ್ದಾನೆ.

ಧೋತರ ಉಟ್ಟು ಹೋಗುವವರಿಗೆ

ಹಡಗಿನ ಬಾಗಿಲಲ್ಲಿ ಧೋತರಕ್ಕೆ ತಡೆ ಇದೆಯೆ ಎಂಬ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಧೋತರ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಟಿಕೆಟ್ ಅವರ ಕೈಯಲ್ಲೇ ಇತ್ತು. ನಾಡಿಗೆ ನಾಡೇ ಸಿಟ್ಟಾಯಿತು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಚೆನ್ನಾಗಿಲ್ಲವೆಂದು ಇನ್ನೊಬ್ಬ ರೈತರನ್ನು ತಡೆದಿದ್ದರು. ಹತ್ತು ವರ್ಷ ಹಿಂದೆ, 2014ರಲ್ಲಿ, ಚೆನ್ನೈನ ಕ್ರಿಕೆಟ್ ಕ್ಲಬ್ಬಿನಲ್ಲಿ ವೇಷ್ಟಿ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯವರನ್ನೇ ಹಿಂದಕ್ಕೆ ಕಳಿಸಿದರು. ಆ ಪ್ರಕರಣದ ನಂತರ ತಮಿಳುನಾಡು ವಿಧಾನಸಭೆ ಇಂಥ ತಡೆಯನ್ನು ಅಪರಾಧವೆಂದು ಕಾನೂನು ಮಾಡಿತು.

ನಮ್ಮ ನೆಲದ ಬಾಗಿಲುಗಳಲ್ಲಿ ಹೀಗೆ ಅವಮಾನವಾಗುವುದು, ಅಟ್ಲಾಂಟಿಕ್ ದಾಟುವ ಬ್ರಿಟಿಷ್ ಹಡಗಿನಲ್ಲಿ ಅದೇ ಉಡುಗೆಗೆ ನಿಯಮದಲ್ಲೇ ಜಾಗ ಇರುವುದು ನೋಯಿಸುವ ಸಂಗತಿ. ಆದರೂ ಹಡಗಿನ ನಿಯಮ ಕೇಳುವುದು ಸಭ್ಯ ಉಡುಗೆಯನ್ನು. ಮದುವೆಗೆ ಉಡುವ ಧೋತರ ಅದರಲ್ಲಿ ಸೇರುತ್ತದೆ, ರಾತ್ರಿ ಮಲಗುವಾಗ ಸುತ್ತಿಕೊಳ್ಳುವ ಲುಂಗಿ ಸೇರುವುದಿಲ್ಲ. ಈ ಭೇದ ಕೊಪ್ಪಳದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಉಡುವ ಬಗೆ ಮಾತ್ರ ಕಡಲಿಗೆ ತಕ್ಕ ಹಾಗಿರಬೇಕು. ಹಡಗು ಮೆಲ್ಲಗೆ ಓಲಾಡುತ್ತಲೇ ಇರುತ್ತದೆ. ಡೆಕ್ಕಿನ ಕಡೆಯ ಬಾಗಿಲುಗಳಿಗೆ ನೀರು ಒಳನುಗ್ಗದಂತೆ ಎತ್ತರದ ಹೊಸ್ತಿಲು ಇರುತ್ತದೆ. ಹೊರಗೆ ಗಾಳಿ ಜೋರು. ಎರಡೂ ಬದಿ ಸಡಿಲ ಬಿಟ್ಟು ಸುತ್ತುವ ಪಂಚೆ ಅಲ್ಲಿ ಪೇಚಿಗೆ ಸಿಕ್ಕಿಸುತ್ತದೆ. ಈ ಸೀಮೆಯ ಕಚ್ಚೆ ಧೋತರ ಅದಕ್ಕೆ ಹೇಳಿ ಮಾಡಿಸಿದ್ದು. ಸುಮಾರು ನಾಲ್ಕೂವರೆ ಮೀಟರಿನ ಬಟ್ಟೆಯನ್ನು ಬೆನ್ನ ಹಿಂದಿನಿಂದ ತಂದು, ಎರಡೂ ತುದಿ ಸಮ ಹಿಡಿದು, ಹೊಕ್ಕುಳ ಬಳಿ ಬಿಗಿಯಾಗಿ ಗಂಟು ಹಾಕಬೇಕು. ಒಂದು ತುದಿಯನ್ನು ಕಾಲುಗಳ ನಡುವೆ ಹಿಂದಕ್ಕೆ ಎಳೆದು ಕಚ್ಚೆ ಸಿಗಿಸಬೇಕು. ಇನ್ನೊಂದು ತುದಿಯನ್ನು ನಿರಿಗೆ ಹಿಡಿದು ಮುಂದೆ ಸಿಗಿಸಬೇಕು. ಒಳಗೆ ಉಡದಾರ ಇದ್ದರೆ ಸರಿ, ಅದರ ಮೇಲೆ ತೆಳ್ಳನೆಯ ಬೆಲ್ಟು ಬಿಗಿದರೆ ಧೈರ್ಯ ಇನ್ನೂ ಹೆಚ್ಚು. ಅಂಚು ಹಿಮ್ಮಡಿಗಿಂತ ಎರಡು ಬೆರಳು ಮೇಲಿರಲಿ. ಹೊಸ್ತಿಲು ದಾಟುವಾಗ ಕಾಲಿಗೆ ತೊಡರುವುದಿಲ್ಲ.

ಮೇಲೆ ಬಿಳಿಯ ನೆಹರು ಶರ್ಟು ಒಂದೇ ಸಾಲದು. ಊಟದ ಹಾಲಿನಲ್ಲಿ ಏರ್ ಕಂಡೀಷನ್ ಚಳಿ ಇರುತ್ತದೆ, ಫಾರ್ಮಲ್ ರಾತ್ರಿಗೆ ಕೋಟಿನ ಗಾಂಭೀರ್ಯವೂ ಬೇಕು. ಕುತ್ತಿಗೆ ಮುಚ್ಚುವ ಕರಿ ಕೋಟು, ಬಿಳಿ ಕಚ್ಚೆ ಪಂಚೆ ಮೈಸೂರು ದರ್ಬಾರಿನ ಹಳೆಯ ಜೋಡಿ. ಅದಕ್ಕಿಂತ ಚೆಂದದ ಫಾರ್ಮಲ್ ಉಡುಗೆ ಹಡಗಿನಲ್ಲಿ ಇನ್ನೊಂದು ಸಿಗಲಾರದು. ಕೋಟು ಬೇಡವೆನ್ನುವವರು ಜರಿ ಅಂಚಿನ ಶಲ್ಯವನ್ನು ಮಡಿಕೆ ಹಾಕಿ ಹೆಗಲಿಗೆ ಹೊದೆಯಬಹುದು. ಬೆವರು ಒರೆಸುವ ಟಾವೆಲ್ಲು ಕೋಣೆಯಲ್ಲೇ ಇರಲಿ.

ಪಟಗ ಸುತ್ತಿದವರು ಅದನ್ನು ಬಿಚ್ಚಬೇಕಾಗಿಲ್ಲ. ಊಟದ ಹಾಲಿನಲ್ಲಿ ತೆಗೆಯಬೇಕಾದದ್ದು ಕ್ಯಾಪು, ಬಿಸಿಲಿನ ಹ್ಯಾಟು. ನಾಡಿನ ಉಡುಗೆಯ ಭಾಗವಾದ ರುಮಾಲಿಗೆ ಆ ನಿಯಮ ಅನ್ವಯಿಸುವುದಿಲ್ಲ.

ನಿಜವಾದ ತೊಡಕು ಕಾಲಿನದು. ಬೆರಳು ಕಾಣುವ ಚಪ್ಪಲಿಯನ್ನು ಗಂಡಸರು ರಾತ್ರಿಯೂಟಕ್ಕೆ ಹಾಕಬಾರದೆಂದು ಅನೇಕ ಹಡಗುಗಳು ಹೇಳುತ್ತವೆ. ಧೋತರಕ್ಕೆ ಒಪ್ಪುವುದೋ ಕೊಲ್ಲಾಪುರಿ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕುಶಲಕರ್ಮಿಗಳಿಗೂ 2019ರಲ್ಲಿ ಭೌಗೋಳಿಕ ಮಾನ್ಯತೆ ತಂದುಕೊಟ್ಟ ಚಪ್ಪಲಿ ಅದು. ಹಗಲಿನಲ್ಲಿ ಅದನ್ನು ಧಾರಾಳವಾಗಿ ಮೆಟ್ಟಬಹುದು. ರಾತ್ರಿಗೆ ಮುಂಭಾಗ ಮುಚ್ಚಿದ ತೊಗಲಿನ ಮೋಜಡಿ ಒಯ್ದರೆ ನಿಯಮವೂ ಉಳಿಯುತ್ತದೆ, ಧೋತರದ ಅಂದವೂ ಉಳಿಯುತ್ತದೆ. ಧೋತರಕ್ಕೆ ಬೂಟು ಹಾಕುವುದಾದರೆ ಲೇಸ್ ಇಲ್ಲದ ಕಪ್ಪು ಬೂಟೇ ಇರಲಿ. ಬಿಳಿ ಕ್ರೀಡಾ ಬೂಟು ಯಾವ ಉಡುಗೆಗೂ ಬೇಡ.

> 1888ರ ಒಬ್ಬ ಯಾತ್ರಿಕ
> ಓದಲು ಇಂಗ್ಲೆಂಡಿಗೆ ಹೊರಟ ಹದಿಹರೆಯದ ಗಾಂಧಿ 1888ರ ಸೆಪ್ಟೆಂಬರ್ 4ರಂದು ಮುಂಬೈಯಲ್ಲಿ ಹಡಗು ಹತ್ತಿದರು. ಚಾಕು, ಮುಳ್ಳುಚಮಚ ಬಳಸುವುದು ತಿಳಿಯದೆ, ಯಾವುದರಲ್ಲಿ ಮಾಂಸವಿಲ್ಲ ಎಂದು ಕೇಳುವ ಧೈರ್ಯವೂ ಇಲ್ಲದೆ, ಜೊತೆಗೆ ತಂದ ತಿಂಡಿ ಮತ್ತು ಹಣ್ಣನ್ನು ಕೋಣೆಯಲ್ಲೇ ತಿಂದರು. ಹಡಗಿನಲ್ಲಿ ಕಪ್ಪು ಸೂಟು ತೊಟ್ಟು, ಬಿಳಿ ಫ್ಲಾನೆಲ್ ಸೂಟನ್ನು ದಡ ಸೇರುವ ದಿನಕ್ಕೆಂದು ಜೋಪಾನ ಮಾಡಿದ್ದರು. ಇಳಿದಾಗ ಸೆಪ್ಟೆಂಬರ್ ಕೊನೆ. ಬಿಳಿ ತೊಟ್ಟವರು ಅವರೊಬ್ಬರೇ. 1931ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಬಕಿಂಗ್‌ಹ್ಯಾಂ ಅರಮನೆಯ ಚಹಾಕೂಟಕ್ಕೂ ಅವರದು ತುಂಡುಧೋತರ, ಶಾಲು.

ಊಟಕ್ಕೊಂದು ಉಡುಗೆ ಹೊಸದೇನಲ್ಲ

ಊಟಕ್ಕೆ ಬಟ್ಟೆ ಬದಲಿಸುವುದು ಪರದೇಶದ ಶೋಕಿ ಎಂದು ಹಿರಿಯರು ಮುಖ ಸಿಂಡರಿಸುವುದುಂಟು. ಆದರೆ ಗಂಗಾವತಿ ತಾಲ್ಲೂಕಿನಲ್ಲೇ ದೋಣಿ ಹತ್ತಿ ಹೋಗಿ, ಉಡುಗೆಯ ನಿಯಮ ಪಾಲಿಸಿ ಉಣ್ಣುವ ಜಾಗ ಇದೆ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನದಲ್ಲಿ, 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಜರೂ ಸೇರಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ. ಆರಾಧನೆಯ ದಿನಗಳಲ್ಲಿ ತೀರ್ಥಪ್ರಸಾದದ ಪಂಕ್ತಿಗೆ ಕೂರುವ ಗಂಡಸರು ಅಂಗಿ, ಬನಿಯನ್ ಬಿಚ್ಚಿಟ್ಟು, ಧೋತರ ಉಟ್ಟು, ಶಲ್ಯ ಹೊದ್ದಿರುತ್ತಾರೆ. ಪ್ಯಾಂಟಿನವರಿಗೆ ಆ ಸಾಲು ಹೊಂದುವುದಿಲ್ಲ. ಹಡಗಿನಲ್ಲಿ ಮೈತುಂಬ ತೊಡಬೇಕು, ಇಲ್ಲಿ ಬಿಚ್ಚಿ ಕೂರಬೇಕು. ಇಷ್ಟೇ ವ್ಯತ್ಯಾಸ.

ಇದಕ್ಕೆ ತದ್ವಿರುದ್ಧವಾದದ್ದು ಕೊಪ್ಪಳದ ಗವಿಮಠದ ದಾಸೋಹ. ಜನವರಿಯ ಜಾತ್ರೆಯಲ್ಲಿ ಲಕ್ಷಾಂತರ ಮಂದಿ ಜೋಳದ ರೊಟ್ಟಿ, ಮಾದಲಿ ಉಣ್ಣುವ ಆ ಸಾಲಿನಲ್ಲಿ ಹೊಲದಿಂದ ನೇರ ಬಂದವನ ಪಕ್ಕ ಇಸ್ತ್ರಿ ಅಂಗಿಯ ಅಧಿಕಾರಿ ಕೂತಿರುತ್ತಾನೆ. ಯಾರ ಉಡುಗೆಯನ್ನೂ ಯಾರೂ ನೋಡುವುದಿಲ್ಲ. ಹಡಗಿನಲ್ಲೂ ಇದಕ್ಕೆ ಸಮನಾದ ಜಾಗವಿದೆ. ಫಾರ್ಮಲ್ ರಾತ್ರಿಯ ಗೊಡವೆಯೇ ಬೇಡ ಎನ್ನುವವರಿಗೆ ಬಫೆ ತೆರೆದೇ ಇರುತ್ತದೆ. ಅಲ್ಲಿ ಉಣ್ಣುವುದರಲ್ಲಿ ಯಾವ ಕೀಳೂ ಇಲ್ಲ, ತಿನಿಸಿಗೂ ಕೊರತೆಯಿಲ್ಲ.

ಸೂಟ್‌ಕೇಸ್ ತುಂಬುವಾಗ

ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಬಿಡಬೇಕು. ಬೆಂಕಿಯ ಭಯದಿಂದ ಬಹುಪಾಲು ಹಡಗುಗಳು ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ, ಬಟ್ಟೆಗೆ ಹಬೆ ಹಿಡಿಯುವ ಯಂತ್ರ ನಿಷೇಧಿಸಿವೆ. ಸಾಮಾನು ತಪಾಸಣೆಯಲ್ಲೇ ತೆಗೆದಿಟ್ಟುಕೊಂಡು ಯಾನ ಮುಗಿದ ಮೇಲೆ ಕೊಡುತ್ತಾರೆ. ಕೆಲವು ಹಡಗುಗಳಲ್ಲಿ ಯಾತ್ರಿಕರೇ ಬಳಸುವ ಲಾಂಡ್ರಿ ಕೋಣೆಯಲ್ಲಿ ಇಸ್ತ್ರಿ ಸಿಗುತ್ತದೆ. ಉಳಿದ ಕಡೆ ದುಡ್ಡು ಕೊಟ್ಟು ಮಾಡಿಸಬೇಕು.

ಹಾಗಾಗಿ ಗಂಜಿ ಹಾಕಿ ಗರಿಗರಿ ಮಾಡಿದ ಹತ್ತಿ ಧೋತರ ಸೂಟ್‌ಕೇಸಿನಲ್ಲಿ ಮುದುಡಿದರೆ ಮತ್ತೆ ನೆಟ್ಟಗಾಗುವುದು ಕಷ್ಟ. ಗಂಜಿ ಹಾಕದೆ ಇಸ್ತ್ರಿ ಮಾಡಿ, ಮಡಿಕೆಯ ಬದಲು ಟಾವೆಲ್ಲಿನ ಸುತ್ತ ಸುರುಳಿ ಸುತ್ತಿ ಇಡುವುದು ಲೇಸು. ರೇಷ್ಮೆ ಧೋತರಕ್ಕೆ ಸುಕ್ಕು ಕಡಿಮೆ. ಕೋಟನ್ನು ಒಳಮೈ ಹೊರಗೆ ಮಾಡಿ, ಭುಜದೊಳಗೆ ಭುಜ ಸೇರಿಸಿ, ಎಲ್ಲಕ್ಕಿಂತ ಮೇಲೆ ಇಡಬೇಕು. ಕೋಣೆ ಸೇರಿದ ಕೂಡಲೇ ತೂಗುಹಾಕಬೇಕು. ಸುಕ್ಕು ಉಳಿದಿದ್ದರೆ ಬಿಸಿನೀರಿನ ಸ್ನಾನ ಮಾಡುವಾಗ ಬಚ್ಚಲುಮನೆಯಲ್ಲಿ ನೇತುಹಾಕಿದರೆ ಹಬೆಗೆ ಅರ್ಧ ಹೋಗುತ್ತದೆ.

ಏಳು ರಾತ್ರಿಗೆ ಒಂದು ಕೋಟು, ಎರಡು ಪ್ಯಾಂಟು, ನಾಲ್ಕು ಶರ್ಟು, ಒಂದು ಧೋತರ ಇಲ್ಲವೆ ಶೇರವಾನಿ, ಒಂದು ಜೊತೆ ಬೂಟು, ಒಂದು ಮೋಜಡಿ ಸಾಕು. ಒಂದೇ ಕೋಟಿಗೆ ಶರ್ಟು ಬದಲಿಸಿದರೆ ಎರಡು ಫಾರ್ಮಲ್ ರಾತ್ರಿಗಳೂ ಮುಗಿಯುತ್ತವೆ.

ಕೊನೆಯ ರಾತ್ರಿ ಮತ್ತೆ ಸರಳ ಉಡುಗೆ. ಅಂದು ದೊಡ್ಡ ಸೂಟ್‌ಕೇಸುಗಳನ್ನು ಚೀಟಿ ಕಟ್ಟಿ ಮಧ್ಯರಾತ್ರಿಯೊಳಗೆ ಕೋಣೆಯ ಬಾಗಿಲ ಹೊರಗೆ ಇಡಬೇಕು. ರಾತ್ರೋರಾತ್ರಿ ಅವನ್ನು ಒಯ್ದು, ಬೆಳಿಗ್ಗೆ ಬಂದರಿನಲ್ಲಿ ಸಾಲಾಗಿ ಜೋಡಿಸುತ್ತಾರೆ. ಊಟದ ಬಟ್ಟೆ ಬದಲಿಸಿ ಅದರೊಳಗೆ ಹಾಕುವ ಮೊದಲು, ಮರುದಿನ ಇಳಿಯುವಾಗ ತೊಡಬೇಕಾದ ಅಂಗಿ, ಪ್ಯಾಂಟು, ಚಪ್ಪಲಿಯನ್ನು ಹೊರಗೆ ತೆಗೆದಿಟ್ಟುಕೊಳ್ಳಬೇಕು.